ಇಂಟರ್ನೆಟ್ ಸ್ಲ್ಯಾಂಗ್ ಮತ್ತು ಸ್ಕ್ರ್ಯಾಬಲ್ ಪದಪಟ್ಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕ್ರ್ಯಾಬಲ್ ಅಂದ್ರೆ ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮೇಲೆ ಜೋಡಿಸಿ, ಪದ ಮಾಡಿ ಅಂಕ ಗಳಿಸುವ ಆಟ. ಆ ಬೋರ್ಡ್ ಮುಂದೆ ಜಾಸ್ತಿ ಜಗಳ ಆಗುವುದು ಹೊಸ ಪದಗಳ ಬಗ್ಗೆ. ಮಕ್ಕಳು ಫೋನಿನಲ್ಲಿ ದಿನವಿಡೀ ಬಳಸುವ ಸ್ಲ್ಯಾಂಗ್, ಅಂದ್ರೆ ಆಡುಮಾತಿನ ಹೊಸ ಪದವನ್ನು ತಂದು ಇಡುತ್ತಾರೆ. ದೊಡ್ಡವರು "ಇದೂ ಒಂದು ಪದಾನಾ?" ಅನ್ನುತ್ತಾರೆ. ಇಬ್ಬರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಮಾತು ಹೆಚ್ಚಾಗಿ ಇಂಗ್ಲಿಷ್ ಸ್ಕ್ರ್ಯಾಬಲ್ ಬಗ್ಗೆ. ಕನ್ನಡದ ವಿಷಯ ಕೊನೆಯ ಕಡೆ ಬರುತ್ತದೆ.

ಎಲ್ಲರೂ ಬಳಸುವ ಪದವನ್ನೂ ಆಡುವ ಹಾಗಿಲ್ಲ ಅಂದ್ರೆ ಹೇಗೆ?

ಆಟದಲ್ಲಿ ಪದ ನಡೆಯುತ್ತದೋ ಇಲ್ಲವೋ ಅಂತ ತೀರ್ಮಾನಿಸುವುದು ಪಟ್ಟಿ. ಪದ ಎಷ್ಟೇ ಬಳಕೆಯಲ್ಲಿರಲಿ, ಪಟ್ಟಿಯಲ್ಲಿ ಇಲ್ಲದಿದ್ದರೆ ನಡೆಯುವುದಿಲ್ಲ. ಒರಟಾಗಿ ಕೇಳಿಸುತ್ತದೆ ನಿಜ. ಆದರೆ ಬೋರ್ಡಿನ ಆಚೆ ಈಚೆ ಕೂತವರು ಬೇರೆ ಬೇರೆ ಊರಿನವರು, ಬೇರೆ ಬೇರೆ ವಯಸ್ಸಿನವರು ಇರಬಹುದು. ಹದಿನಾರರ ಹುಡುಗಿಯ ವಾಟ್ಸಾಪ್ ಗುಂಪೇ ಬೇರೆ, ಅವಳ ಅಜ್ಜನ ವಾಟ್ಸಾಪ್ ಗುಂಪೇ ಬೇರೆ. ಒಬ್ಬರು ಹೇಳುವ "ಎಲ್ಲರೂ" ಇನ್ನೊಬ್ಬರಿಗೆ ಯಾರೂ ಅಲ್ಲ. ಆಟ ಶುರುವಾಗುವ ಮೊದಲೇ ಇಬ್ಬರೂ ಒಪ್ಪಿಕೊಂಡ ಪಟ್ಟಿ ಒಂದಿದ್ದರೆ ಮಾತ್ರ ಆಟ ನಡೆಯುತ್ತದೆ.

ಹಾಗಾಗಿ ಪಟ್ಟಿಗೆ ಸೇರಿದ ಪದ ದೊಡ್ಡದು, ಸೇರದ ಪದ ಚಿಕ್ಕದು ಅಂತ ತಿಳಿಯಬೇಡಿ. ಹೊಸ ಪದ ಬಂದಾಗ ನಾನು ಕೇಳುವ ಪ್ರಶ್ನೆ ಇಷ್ಟೇ: ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಇಬ್ಬರು ಆಟಗಾರರು ಇದನ್ನು ಒಂದೇ ರೀತಿ ಬರೆಯುತ್ತಾರಾ? ಬರೆಯುತ್ತಾರೆ ಅಂದ್ರೆ ಪದ ನಿನ್ನೆಯದಾದರೂ ಅದಕ್ಕೆ ಒಳಗೆ ಬರುವ ಯೋಗ್ಯತೆ ಇದೆ. ಇಲ್ಲ ಅಂದ್ರೆ ಎಷ್ಟೇ ಹೆಸರು ಮಾಡಿದ್ದರೂ ಕಾಯಬೇಕು.

ಪಟ್ಟಿ ಅಂದ್ರೆ ಯಾವುದು? ಇಡೀ ಪ್ರಪಂಚಕ್ಕೆ ಒಂದೇನಾ?

ಅಲ್ಲ. ಮುಖ್ಯವಾಗಿ ಎರಡು. ಅಮೆರಿಕ ಮತ್ತು ಕೆನಡಾದಲ್ಲಿ ಸ್ಕ್ರ್ಯಾಬಲ್ ಹಕ್ಕು ಹ್ಯಾಸ್ಬ್ರೊ ಕಂಪನಿಯದು, ಮಿಕ್ಕ ಕಡೆ ಮ್ಯಾಟೆಲ್ ಕಂಪನಿಯದು. ಅಮೆರಿಕದ ಮನೆಗಳಲ್ಲಿ ಮೆರಿಯಮ್-ವೆಬ್‌ಸ್ಟರ್ 1978ರಿಂದ ಹೊರತರುತ್ತಿರುವ ಆಟಗಾರರ ನಿಘಂಟು ನಡೆಯುತ್ತದೆ. ಅಲ್ಲಿನ ಸ್ಪರ್ಧೆಗಳಿಗೆ ನಾಸ್ಪಾ ಅನ್ನುವ ಆಟಗಾರರ ಸಂಘದ ಪಟ್ಟಿ ಇದೆ. ಭಾರತವೂ ಸೇರಿ ಮಿಕ್ಕ ದೇಶಗಳ ಸ್ಪರ್ಧೆಗಳಲ್ಲಿ ಹೆಚ್ಚಾಗಿ ಬ್ರಿಟನ್ನಿನ ನಿಘಂಟು ಪ್ರಕಾಶಕರಾದ ಕಾಲಿನ್ಸ್‌ನ ಪಟ್ಟಿ. ಕಾಲಿನ್ಸ್ ದೊಡ್ಡದು, ಸುಮಾರು 2.8 ಲಕ್ಷ ಪದ. ಎರಡಕ್ಷರದ ಪದಗಳನ್ನೇ ನೋಡಿದರೂ ಕಾಲಿನ್ಸ್‌ನಲ್ಲಿ 127, ಅಮೆರಿಕದ ಪಟ್ಟಿಯಲ್ಲಿ 107.

ಅಮೆರಿಕದಲ್ಲಿರುವ ಅಕ್ಕನ ಮನೆಗೆ ಹೋಗಿ ಆಡಿದಾಗ ನಿಮ್ಮ ಪದ ನಡೆಯದೇ ಹೋದರೆ ಕಾರಣ ಇದೇ.

ಹೊಸ ಪದ ಸೇರಿಸುವವರು ಯಾರು?

ಮೊದಲ ಕೆಲಸ ನಿಘಂಟುಕಾರರದು. ಪತ್ರಿಕೆ, ಪುಸ್ತಕ, ಜಾಲತಾಣ, ಸಿನಿಮಾ ಮಾತು ಎಲ್ಲವನ್ನೂ ನೋಡುತ್ತಾ ಪದ ಎಷ್ಟು ಕಡೆ ಬಂದಿದೆ, ಎಷ್ಟು ದಿನದಿಂದ ಬರುತ್ತಿದೆ, ಅದಕ್ಕೆ ಗಟ್ಟಿಯಾದ ಅರ್ಥ ಇದೆಯಾ ಅಂತ ಅವರು ಅಳೆಯುತ್ತಾರೆ. ಸಾಮಾನ್ಯ ನಿಘಂಟಿಗೆ ಬಂದ ಪದಗಳಲ್ಲಿ ಆಟಕ್ಕೆ ಆಗುವಂಥವನ್ನು ಆಮೇಲೆ ಆರಿಸುತ್ತಾರೆ. ದೊಡ್ಡಕ್ಷರದಿಂದಲೇ ಬರೆಯುವ ಹೆಸರುಗಳು, ಹೈಫನ್ ಅಥವಾ ಅಪಾಸ್ಟ್ರಫಿ ಬೇಕಾಗುವ ಪದಗಳು, ಬರೀ ಸಂಕ್ಷೇಪಗಳು ಇಲ್ಲಿ ಬಿದ್ದುಹೋಗುತ್ತವೆ. ಆಟಗಾರರ ಸಂಘಗಳ ಸಮಿತಿಗಳೂ ಪಟ್ಟಿಯನ್ನು ಪರಿಶೀಲಿಸುತ್ತವೆ. ಹೊಸ ಆವೃತ್ತಿ ಕೆಲವು ವರ್ಷಕ್ಕೊಮ್ಮೆ ಬರುತ್ತದೆ.

ಅಂದ್ರೆ ಸ್ಲ್ಯಾಂಗ್ ಎರಡು ಬಾಗಿಲು ದಾಟಬೇಕು. ಒಂದು ಬಾಗಿಲು ದಾಟಿದ ಸುದ್ದಿ ಪೇಪರಿನಲ್ಲಿ ಬಂದ ಕೂಡಲೇ ಜನ ಎರಡನೆಯದನ್ನೂ ದಾಟಿದೆ ಅಂದುಕೊಳ್ಳುತ್ತಾರೆ. 2025ರಲ್ಲಿ ಕೇಂಬ್ರಿಜ್ ನಿಘಂಟು ಸ್ಕಿಬಿಡಿ, ಡೆಲೂಲು ಅನ್ನುವ ಪದಗಳನ್ನು ಸೇರಿಸಿದಾಗ ಹೀಗೇ ಆಯಿತು. ಕೇಂಬ್ರಿಜ್ ಸೇರಿಸಿದರೆ ಪದ ತಾನಾಗಿ ಸ್ಕ್ರ್ಯಾಬಲ್‌ಗೆ ಬರುವುದಿಲ್ಲ.

ಇಂಟರ್ನೆಟ್ ಪದಗಳು ನಿಜಕ್ಕೂ ಸೇರಿವೆಯಾ?

ಬೇಕಾದಷ್ಟು. ಅಮೆರಿಕದ ನಿಘಂಟಿಗೆ 2014ರಲ್ಲಿ ಸೆಲ್ಫಿ, ಹ್ಯಾಶ್‌ಟ್ಯಾಗ್, ಚಿಲ್ಲ್ಯಾಕ್ಸ್ ಬಂದವು. 2018ರಲ್ಲಿ ಇಮೋಜಿ, ಫೇಸ್‌ಪಾಮ್ ಬಂದವು. 2022ರಲ್ಲಿ ಪ್ರೀತಿಪಾತ್ರರನ್ನು ಕರೆಯುವ ಬೇ, ಅತಿ ಅಭಿಮಾನಿ ಅನ್ನುವ ಸ್ಟ್ಯಾನ್. ಕಾಲಿನ್ಸ್ ಇನ್ನೂ ಧಾರಾಳಿ. 2015ರಲ್ಲಿ ಪ್ರಕಟಿಸಿದ ಸುಮಾರು 6,500 ಹೊಸ ಪದಗಳಲ್ಲಿ ನಗು ಸೂಚಿಸುವ ಲಾಲ್ಝ್, ಥ್ಯಾಂಕ್ಸ್ ಅನ್ನುವುದನ್ನು ಕೊನೆಗೆ ಎಕ್ಸ್ ಹಾಕಿ ಬರೆಯುವ ರೂಪ, ಆಬ್ವಿಯಸ್ಲಿಯನ್ನು ಮೊಟಕು ಮಾಡಿದ ಆಬ್ವ್ಸ್, ರಿಡಿಕ್ಯುಲಸ್‌ನ ರಿಡಿಕ್ ಎಲ್ಲವೂ ಇದ್ದವು.

ಎಕ್ಸ್ ಇರುವ ಥ್ಯಾಂಕ್ಸ್ ಬಗ್ಗೆ ಆಗ ಬಹಳ ಜನ ಮುಖ ಸಿಂಡರಿಸಿದರು. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಎಸ್‌ಎಂಎಸ್ ಕಾಲದಿಂದ ಕೋಟ್ಯಂತರ ಜನ ಅದನ್ನು ಅದೇ ಐದು ಅಕ್ಷರಗಳಲ್ಲಿ, ಅದೇ ಕ್ರಮದಲ್ಲಿ ಬರೆಯುತ್ತಿದ್ದರು. ಎಕ್ಸ್‌ಗೆ 8, ಎಚ್‌ಗೆ 4, ಮಿಕ್ಕ ಮೂರಕ್ಕೆ ಒಂದೊಂದು: 15 ಅಂಕ. ಹ್ಯಾಶ್‌ಟ್ಯಾಗ್ ಅಂತೂ ಆಟಗಾರನಿಗೆ ಹಬ್ಬ. ಏಳು ಅಕ್ಷರ, ಕೈಯಲ್ಲಿರುವ ಏಳೂ ಬಿಲ್ಲೆ ಒಂದೇ ಸಲಕ್ಕೆ ಖಾಲಿ. ಪದದ 14 ಅಂಕದ ಮೇಲೆ 50 ಬೋನಸ್.

ಓಕೆ ಅನ್ನುವ ಪದಕ್ಕೆ 2018ರವರೆಗೆ ಜಾಗ ಇರಲಿಲ್ಲವಂತೆ. ಹೌದಾ?

ಹೌದು. ಇದರ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಸ್ಲ್ಯಾಂಗ್ ಬಗ್ಗೆ ಯಾರು ವಾದ ಮಾಡಿದರೂ ನಾನು ಮೊದಲು ನೆನಪಿಸುವುದು ಇದನ್ನೇ.

ಇಂದು ಪ್ರಪಂಚದಲ್ಲಿ ಬಹುಶಃ ಅತಿ ಹೆಚ್ಚು ಜನಕ್ಕೆ ಗೊತ್ತಿರುವ ಇಂಗ್ಲಿಷ್ ಪದ ಓಕೆ. ಅದು ಹುಟ್ಟಿದ್ದು ಒಂದು ತಮಾಷೆಯಿಂದ. 1830ರ ದಶಕದ ಕೊನೆಯಲ್ಲಿ ಬಾಸ್ಟನ್ ಪತ್ರಿಕೆಗಳಲ್ಲಿ ಒಂದು ಖಯಾಲಿ ಇತ್ತು: ಪದಗಳನ್ನು ಬೇಕಂತಲೇ ತಪ್ಪು ಸ್ಪೆಲ್ಲಿಂಗ್‌ನಲ್ಲಿ ಬರೆದು, ಅದರ ಮೊದಲ ಅಕ್ಷರಗಳನ್ನು ಮಾತ್ರ ಅಚ್ಚು ಹಾಕುವುದು. "ಆಲ್ ಕರೆಕ್ಟ್" ಅನ್ನುವುದನ್ನು ಓ ಮತ್ತು ಕೆ ಇಂದ ಶುರುವಾಗುವ ಹಾಗೆ ತಪ್ಪಾಗಿ ಬರೆದರು. 1839ರ ಮಾರ್ಚ್ 23ರಂದು ಬಾಸ್ಟನ್ ಮಾರ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಓಕೆ ಅಚ್ಚಾಯಿತು. "ಆಲ್ ರೈಟ್" ಅನ್ನುವುದಕ್ಕೂ ಓ ಡಬ್ಲ್ಯೂ ಅಂತ ಮಾಡಿದ್ದರು. ಅದು ಸತ್ತುಹೋಯಿತು. ಅದರ ಜೊತೆಗೆ ಹುಟ್ಟಿದವೂ ಹೆಚ್ಚು ಕಡಿಮೆ ಎಲ್ಲ ಸತ್ತವು. ಓಕೆ ಉಳಿಯಿತು. 1840ರ ಅಮೆರಿಕ ಚುನಾವಣೆಯಲ್ಲಿ ಆಗಿನ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಬೆಂಬಲಿಗರು ಅವರ ಊರಿನಿಂದ ಬಂದ ಓಲ್ಡ್ ಕಿಂಡರ್‌ಹುಕ್ ಅನ್ನುವ ಅಡ್ಡಹೆಸರಿಗೆ ಹೊಂದಿಸಿ ಅದನ್ನೇ ಘೋಷಣೆ ಮಾಡಿಕೊಂಡಿದ್ದು ಅದಕ್ಕೆ ಕೈಹಿಡಿಯಿತು.

ಜೋರಾಗಿ ನಕ್ಕೆ, ಈಗ ಬಂದೆ ಅನ್ನುವುದನ್ನು ಮೊದಲಕ್ಷರಗಳಲ್ಲಿ ಬರೆಯುವ ಇವತ್ತಿನ ಲಾಲ್, ಬಿಆರ್‌ಬಿಗಳಿಗೂ ಆ ಕಾಲದ ಖಯಾಲಿಗೂ ಏನು ವ್ಯತ್ಯಾಸ ಹೇಳಿ? ಒಂದೇ ಆಟ, ಬೇರೆ ಕಾಲ. 1839ರಲ್ಲಿ ಕೂತು ಯಾವುದು ಬದುಕುತ್ತದೆ ಅಂತ ಯಾರಿಗೂ ಹೇಳಲು ಆಗುತ್ತಿರಲಿಲ್ಲ. ಕಾಯಬೇಕು ಅನ್ನುವುದಕ್ಕೂ ಇದೇ ಕಾರಣ, ಹೊಸ ಪದವನ್ನು ಹೀಯಾಳಿಸಬಾರದು ಅನ್ನುವುದಕ್ಕೂ ಇದೇ ಕಾರಣ.

ಸ್ಕ್ರ್ಯಾಬಲ್‌ನಲ್ಲಿ ತಡವಾದದ್ದು ದೊಡ್ಡಕ್ಷರದ ತೊಡಕಿನಿಂದ. ಓಕೆಯನ್ನು ಎರಡು ದೊಡ್ಡಕ್ಷರಗಳಲ್ಲಿ, ಸಂಕ್ಷೇಪದ ಹಾಗೆ ಬರೆಯುವುದು ರೂಢಿ. ನಾಲ್ಕಕ್ಷರದ ರೂಪ ಮೊದಲಿಂದಲೂ ನಡೆಯುತ್ತಿತ್ತು, ಎರಡಕ್ಷರದ್ದು ನಡೆಯುತ್ತಿರಲಿಲ್ಲ. ಕೊನೆಗೆ 2018ರಲ್ಲಿ ಅಮೆರಿಕದ ನಿಘಂಟು, 2019ರಲ್ಲಿ ಕಾಲಿನ್ಸ್ ಪಟ್ಟಿ ಒಪ್ಪಿಕೊಂಡವು.

ಎರಡಕ್ಷರದ ಒಂದು ಪದ ಬಂದರೆ ಅಷ್ಟೊಂದು ಸಂಭ್ರಮ ಯಾಕೆ?

ಆಟದ ಒಳಗಿನಿಂದ ನೋಡಿದರೆ ಗೊತ್ತಾಗುತ್ತದೆ. ಓಕೆ ಬರುವ ಮೊದಲು ಎರಡಕ್ಷರದ ಪದಗಳಲ್ಲಿ ಕೆ ಯಾವಾಗಲೂ ಮುಂದೆ ಇರುತ್ತಿತ್ತು: ಕೆ-ಎ, ಕೆ-ಐ, ಕಾಲಿನ್ಸ್‌ನಲ್ಲಾದರೆ ಕೆ-ಓ, ಕೆ-ವೈ. ಕೆ ಕೊನೆಗೆ ಬರುವ ಎರಡಕ್ಷರದ ಪದ ಒಂದೂ ಇರಲಿಲ್ಲ. ಬೋರ್ಡಿನಲ್ಲಿ ಒಂಟಿಯಾಗಿ ನಿಂತ ಓ ಪಕ್ಕದ ಚೌಕ ಖಾಲಿ ಇದ್ದರೂ ಅಲ್ಲಿ ಕೆ ಇಡುವ ಹಾಗಿರಲಿಲ್ಲ. ಈಗ ಇಡಬಹುದು. ಅದೇ ಕೆ ಅನ್ನು ಮೇಲಿಂದ ಕೆಳಗೆ ಇನ್ನೊಂದು ಪದಕ್ಕೂ ಸೇರಿಸಿದರೆ ಅದರ 5 ಅಂಕ ಎರಡೂ ಕಡೆ ಎಣಿಕೆಗೆ ಬರುತ್ತದೆ. ಮೊದಲು ಮುಚ್ಚಿಹೋಗಿದ್ದ ಬೋರ್ಡ್ ತೆರೆದುಕೊಳ್ಳುತ್ತದೆ.

ಹಾಗಾಗಿ ಚಿಕ್ಕ ಪದ ಸೇರಿಸುವಾಗ ಜಾಸ್ತಿ ಎಚ್ಚರ ಬೇಕು ಅನ್ನುವುದು ನನ್ನ ಅಭಿಪ್ರಾಯ. ಹತ್ತಕ್ಷರದ ಸ್ಲ್ಯಾಂಗ್ ಸೇರಿಸಿದರೂ ಯಾರೋ ಒಬ್ಬರು ಯಾವಾಗಲೋ ಒಮ್ಮೆ ಆಡಿಯಾರು. ಎರಡಕ್ಷರದ್ದು ಸೇರಿಸಿದರೆ ಆಟದ ಲೆಕ್ಕಾಚಾರವೇ ಬದಲಾಗುತ್ತದೆ. ಪಿಝ್ಝಾವನ್ನು ಮೊಟಕು ಮಾಡಿದ ಝಡ್-ಎ, ಚೀನಾದಿಂದ ಬಂದ, ಪ್ರಾಣಶಕ್ತಿ ಅನ್ನುವ ಅರ್ಥದ ಚಿ ಪದದ ಕ್ಯೂ-ಐ ರೂಪ, ಎರಡೂ 2006ರಲ್ಲಿ ಅಮೆರಿಕದ ಸ್ಪರ್ಧೆಗಳಿಗೆ ಬಂದವು. 10 ಅಂಕದ ಆ ಎರಡು ಬಿಲ್ಲೆಗಳು ಕೈಯಲ್ಲಿ ಉಳಿದು ಕಾಡುವ ಭಯ ಅಲ್ಲಿಗೆ ಕಡಿಮೆಯಾಯಿತು.

ರಿಝ್ ಆಡಬಹುದಾ?

ನಿಮ್ಮ ಪಟ್ಟಿಯ ಇತ್ತೀಚಿನ ಆವೃತ್ತಿಯಲ್ಲಿ ಇದ್ದರೆ ಆಡಬಹುದು. ಜನರನ್ನು ಸೆಳೆಯುವ ಗುಣ ಅನ್ನುವ ಅರ್ಥದ ಕರಿಸ್ಮಾದ ನಡುವಿನಿಂದ ಕಿತ್ತು ತೆಗೆದ ಪದ ಇದು. 2023ರಲ್ಲಿ ಆಕ್ಸ್‌ಫರ್ಡ್ ಇದನ್ನೇ ವರ್ಷದ ಪದ ಅಂತ ಆರಿಸಿತು. ಸ್ಪೆಲ್ಲಿಂಗ್ ಗಟ್ಟಿಯಾಗಿದೆ, ಎಲ್ಲರೂ ಎರಡು ಝಡ್ ಹಾಕಿಯೇ ಬರೆಯುತ್ತಾರೆ. ನನ್ನ ಓಟು ಇದಕ್ಕೆ.

ಇಡುವ ಮೊದಲು ಒಂದು ಲೆಕ್ಕ ನೆನಪಿರಲಿ. 100 ಬಿಲ್ಲೆಗಳ ಚೀಲದಲ್ಲಿ ಝಡ್ ಇರುವುದು ಒಂದೇ. ಎರಡನೇ ಝಡ್‌ಗೆ, ಯಾವ ಅಕ್ಷರದ ಬದಲಿಗೂ ಇಡಬಹುದಾದ ಖಾಲಿ ಬಿಲ್ಲೆ ಬೇಕು, ಅದಕ್ಕೆ ಅಂಕ ಇಲ್ಲ. ಒಟ್ಟು 12 ಅಂಕ. ಅಷ್ಟಕ್ಕೆ ಖಾಲಿ ಬಿಲ್ಲೆ ಕಳೆಯುವ ಆಟಗಾರರು ಕಡಿಮೆ.

ಸ್ಪೆಲ್ಲಿಂಗ್ ಬಗ್ಗೆ ಯಾಕೆ ಇಷ್ಟು ಹೇಳುತ್ತೀರಿ? ಅರ್ಥ ಮುಖ್ಯ ಅಲ್ವಾ?

ಮಾತಿಗೆ ಅರ್ಥ ಮುಖ್ಯ. ಈ ಆಟಕ್ಕೆ ಅಕ್ಷರದ ಸಾಲು ಮುಖ್ಯ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2007ರಲ್ಲಿ ನಮ್ಮ ಮುಂಬೈಯಲ್ಲೇ ಇಂಗ್ಲಿಷ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದವರು. 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ಚಾಂಪಿಯನ್ ಆದರು, ಫ್ರೆಂಚ್ ಮಾತಾಡಲು ಬರದೆ. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಗೆದ್ದರು. ಪಟ್ಟಿ ಬಾಯಿಪಾಠ ಮಾಡಿದರು, ಅಷ್ಟೇ.

ಇಂಟರ್ನೆಟ್ ಸ್ಲ್ಯಾಂಗ್‌ನ ದೊಡ್ಡ ಸಮಸ್ಯೆ ಇರುವುದು ಇಲ್ಲಿ. ಅದು ಆಡುವ ದನಿಯನ್ನು ಕೀಲಿಮಣೆಯ ಮೇಲೆ ಹಿಡಿಯುವ ಪ್ರಯತ್ನ. ಬೇಸರದ ನಿಟ್ಟುಸಿರಿಗೆ ಒಬ್ಬರು ಎರಡು ಅಕ್ಷರ ಒತ್ತುತ್ತಾರೆ, ಇನ್ನೊಬ್ಬರು ಏಳು ಒತ್ತುತ್ತಾರೆ. ಕಾಲಿನ್ಸ್‌ನಲ್ಲಿ ಗುರ್ ಅನ್ನುವ ದನಿಗೆ ಎರಡು ಆರ್ ಇರುವ ರೂಪ ಇದೆ. ಹಾಗಂತ ಐದು ಆರ್ ಇಟ್ಟರೆ ನಡೆಯುವುದಿಲ್ಲ. ಬಹುವಚನ, ಭೂತಕಾಲದ ತಕರಾರು ಬೇರೆ. ಪದ ಕ್ರಿಯಾಪದವಾಗಿ ಸೇರಿದರೆ ಅದರ ಜೊತೆಗೆ ಎಸ್, ಇಡಿ, ಐಎನ್‌ಜಿ ರೂಪಗಳೂ ಬರುತ್ತವೆ. ಎಸ್ ಸೇರುತ್ತದೋ ಇಲ್ಲವೋ ಅನ್ನುವ ಒಂದೇ ವಿಷಯಕ್ಕೆ ಆಟ ಗೆದ್ದು ಸೋತವರಿದ್ದಾರೆ. ಬಳಸುವವರೇ ಇನ್ನೂ ತೀರ್ಮಾನಿಸದ ರೂಪವನ್ನು ಪಟ್ಟಿ ಮಾಡುವವರು ಊಹಿಸಿ ಬರೆಯುವ ಹಾಗಾಗಬಾರದು.

ಎಷ್ಟು ವರ್ಷ ಕಾಯಬೇಕು?

ನಿಯಮ ಇಲ್ಲ. ಸೆಲ್ಫಿ 2002ರಲ್ಲಿ ಆಸ್ಟ್ರೇಲಿಯಾದ ಒಂದು ಆನ್‌ಲೈನ್ ಚರ್ಚೆಯಲ್ಲಿ ಕಾಣಿಸಿಕೊಂಡಿತು, ಅಮೆರಿಕದ ಆಟದ ನಿಘಂಟಿಗೆ ಬಂದದ್ದು 2014ರಲ್ಲಿ. ಟ್ವಿಟರ್‌ನಲ್ಲಿ # ಚಿಹ್ನೆ ಬಳಸೋಣ ಅಂತ ಕ್ರಿಸ್ ಮೆಸ್ಸಿನಾ ಸೂಚಿಸಿದ್ದು 2007ರಲ್ಲಿ. ಹ್ಯಾಶ್‌ಟ್ಯಾಗ್ ಕೂಡ 2014ಕ್ಕೇ ಬಂತು.

ಅವಸರ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ 2011ರ ಕಾಲಿನ್ಸ್ ಪಟ್ಟಿ ನೋಡಿ. ಆ ವರ್ಷ ಫೇಸ್‌ಬುಕ್ ಮತ್ತು ಮೈಸ್ಪೇಸ್ ಎರಡೂ ಕ್ರಿಯಾಪದಗಳಾಗಿ ಸೇರಿದವು. "ಮೈಸ್ಪೇಸ್ ಮಾಡಿದೆ" ಅಂತ ಇವತ್ತು ಯಾರ ಬಾಯಲ್ಲೂ ಕೇಳಿಬರುವುದಿಲ್ಲ. ಒಂದು ಕಂಪನಿಯ ಭಾಗ್ಯಕ್ಕೆ ಗಂಟುಬಿದ್ದ ಪದಗಳನ್ನು ಇನ್ನಷ್ಟು ದಿನ ಹೊರಗೆ ನಿಲ್ಲಿಸುವುದೇ ಸರಿ ಅನ್ನಿಸುತ್ತದೆ.

ಹಾಗಾದ್ರೆ ಗೂಗಲ್?

ಇದು ಕ್ರಿಕೆಟ್ ಪ್ರಿಯರಿಗೆ ಇಷ್ಟವಾಗುವ ವಿಷಯ. ಗೂಗ್ಲಿ ಎಸೆಯುವುದಕ್ಕೆ ಗೂಗಲ್ ಅನ್ನುವ ಕ್ರಿಯಾಪದ 1900ರ ದಶಕದ ಶುರುವಿನಲ್ಲೇ ಇತ್ತು. 1998ರಲ್ಲಿ ಹುಟ್ಟಿದ ಕಂಪನಿಗಿಂತ ಎಷ್ಟೋ ಹಳೆಯದು, ಹಾಗಾಗಿ ಅದರ ಭಾಗ್ಯಕ್ಕೆ ಗಂಟುಬಿದ್ದ ಪದ ಅಲ್ಲ.

ಜನರೇ ಓಟು ಹಾಕಿ ಸೇರಿಸಬಹುದಲ್ವಾ?

ಹಾಕಿದ್ದಾರೆ. 2014ರಲ್ಲಿ ಹ್ಯಾಸ್ಬ್ರೊ ಫೇಸ್‌ಬುಕ್‌ನಲ್ಲಿ ಓಟು ನಡೆಸಿತು. ಗೆದ್ದದ್ದು ಜಿಯೊಕ್ಯಾಶ್, ಜಿಪಿಎಸ್ ಹಿಡಿದು ಬಚ್ಚಿಟ್ಟ ವಸ್ತು ಹುಡುಕುವ ಹವ್ಯಾಸದ ಪದ. ಬಿಟ್‌ಕಾಯಿನ್ ಸೋತಿತು! ಆ ಹವ್ಯಾಸದವರು ಸಂಖ್ಯೆಯಲ್ಲಿ ಕಡಿಮೆ, ಒಗ್ಗಟ್ಟಿನಲ್ಲಿ ಗಟ್ಟಿ. ಓಟಿನಲ್ಲಿ ಗೊತ್ತಾಗುವುದು ಯಾರಿಗೆ ಉತ್ಸಾಹ ಜಾಸ್ತಿ ಅಂತ. ಪದ ಎಷ್ಟು ದೂರ ಹರಡಿದೆ ಅಂತ ಗೊತ್ತಾಗುವುದಿಲ್ಲ. ಒಂದು ಪದಕ್ಕೆ, ಆಟದ ಪ್ರಚಾರಕ್ಕೆ ಸರಿ. ಪಟ್ಟಿ ಮಾಡುವ ಕ್ರಮವಾಗಿ ಬೇಡ.

ಸಿಕ್ಸ್-ಸೆವೆನ್?

ಡಿಕ್ಷನರಿ ಡಾಟ್ ಕಾಮ್ 2025ರ ವರ್ಷದ ಪದವಾಗಿ 67 ಅನ್ನು ಆರಿಸಿತು. ಬಿಲ್ಲೆಗಳಲ್ಲಿ ಅಂಕಿ ಇಲ್ಲ. ಮುಗೀತು.

ಕೆಟ್ಟ ಪದಗಳನ್ನು ತೆಗೆದರಂತೆ?

ತೆಗೆದರು. 2020ರಲ್ಲಿ ನಾಸ್ಪಾ ಜನಾಂಗ, ಧರ್ಮ ಇತ್ಯಾದಿಗಳ ಮೇಲೆ ಹೀಯಾಳಿಸುವ 200ಕ್ಕೂ ಹೆಚ್ಚು ಪದಗಳನ್ನು ಕೈಬಿಟ್ಟಿತು. 2021ರಲ್ಲಿ ಮ್ಯಾಟೆಲ್ ಸುಮಾರು 400 ಪದಗಳನ್ನು ತೆಗೆಸಿತು. ಅಕ್ಷರದ ಸಾಲಿಗೆ ಅರ್ಥ ಯಾಕೆ ಅಂಟಿಸುತ್ತೀರಿ ಅಂತ ಹಲವು ಆಟಗಾರರು ವಿರೋಧಿಸಿದರು. ಆ ವಾದದಲ್ಲಿ ಹುರುಳಿದೆ. ಆದರೂ ಎದುರಿಗೆ ಕೂತವರನ್ನೇ ಬಯ್ಯುವ ಪದವನ್ನು ಇಟ್ಟು ಅಂಕ ಎಣಿಸಿಕೊಳ್ಳುವುದು ನನಗೆ ಒಗ್ಗುವುದಿಲ್ಲ.

ಸ್ಲ್ಯಾಂಗ್‌ಗೆ ಇದು ನೇರವಾಗಿ ತಟ್ಟುತ್ತದೆ. ನೆಟ್‌ನಲ್ಲಿ ಹೊಸ ಬಯ್ಗುಳ ಬಹಳ ಬೇಗ ಹುಟ್ಟುತ್ತವೆ. ತಮಾಷೆಯಾಗಿ ಶುರುವಾದದ್ದು ಎರಡು ವರ್ಷದಲ್ಲಿ ಯಾರನ್ನೋ ಚುಚ್ಚುವ ಪದವಾಗಿರಬಹುದು. ಒಳಗೆ ತಂದು ಆಮೇಲೆ ಹೊರಹಾಕುವ ಬದಲು ಮೊದಲೇ ಕಾಯುವುದು ವಾಸಿ, ಅಲ್ವಾ?

ವರ್ಡಲ್‌ನಲ್ಲೂ ಇದೇ ಕ್ರಮವಾ?

ಬಚ್ಚಿಟ್ಟ ಐದಕ್ಷರದ ಪದವನ್ನು ಊಹಿಸುವ ಆ ಆಟದಲ್ಲಿ ಜಾಣತನದ ಒಂದು ಏರ್ಪಾಡಿದೆ. ಉತ್ತರವಾಗಿ ಬರುವ ಪದಗಳ ಪಟ್ಟಿ ಚಿಕ್ಕದು, ಸುಮಾರು 2,300. ನೀವು ಊಹೆಯಾಗಿ ಬರೆಯಬಹುದಾದ ಪದಗಳ ಪಟ್ಟಿ 10 ಸಾವಿರಕ್ಕೂ ಹೆಚ್ಚು. ಹೊಸ ಆಟ ಮಾಡುವವರಿಗೆ ನನ್ನ ಸಲಹೆಯೂ ಅದೇ. ಊಹಿಸುವ ಪಟ್ಟಿಯಲ್ಲಿ ಸ್ಲ್ಯಾಂಗ್‌ಗೆ ಧಾರಾಳವಾಗಿ ಜಾಗ ಕೊಡಿ, ಉತ್ತರದ ಪಟ್ಟಿಯಲ್ಲಿ ಕೈ ಬಿಗಿ ಹಿಡಿಯಿರಿ. ಗೊತ್ತಿರುವವರು ಬಳಸಿಕೊಳ್ಳುತ್ತಾರೆ, ಗೊತ್ತಿಲ್ಲದವರು ಸೋಲುವುದಿಲ್ಲ. ಸ್ಕ್ರ್ಯಾಬಲ್‌ನಲ್ಲಿ ಈ ಅನುಕೂಲ ಇಲ್ಲ, ಅಲ್ಲಿ ಎರಡೂ ಒಂದೇ.

ನಮ್ಮ ಪದಗಳು ಏನಾದರೂ ಇವೆಯಾ?

ಇವೆ. ಕಾಲಿನ್ಸ್‌ನಲ್ಲಿ ಇಡ್ಲಿ ಇದೆ, ದೋಸಾ ಇದೆ. ಲಕ್ಷ, ಕೋಟಿಗೆ ಇಂಗ್ಲಿಷ್ ಪೇಪರಿನವರು ಬರೆಯುವ ಲ್ಯಾಕ್, ಕ್ರೋರ್ ಇವೆ. ಇವೂ ಒಂದು ಕಾಲಕ್ಕೆ ಇಂಗ್ಲಿಷಿಗೆ ಹೊಸಬರೇ.

ಕನ್ನಡದಲ್ಲಿ ಇಂಥ ಆಟ ಮಾಡಿದರೆ ಸಕ್ಕತ್, ಮಗಾ, ಚಿಂದಿ ಎಲ್ಲ ಸೇರಿಸಬಹುದಾ?

ಸೇರಿಸಲೇಬೇಕು ಅನ್ನುವವನು ನಾನು. ಆದರೆ ಮೇಲೆ ಹೇಳಿದ ಪರೀಕ್ಷೆ ಇಲ್ಲಿ ಇನ್ನೂ ಗಟ್ಟಿ. ಪದಬಂಧ ಬಿಡಿಸುವವರಿಗೆ ಗೊತ್ತು, ನಮ್ಮಲ್ಲಿ ಒಂದು ಚೌಕಕ್ಕೆ ಒಂದು ಪೂರ್ತಿ ಅಕ್ಷರ, ಒತ್ತು ಕಾಗುಣಿತ ಸಮೇತ. ಸಕ್ಕತ್ ತೆಗೆದುಕೊಳ್ಳಿ. ಕೆಲವರು ಸಕ್ಕತ್ ಅಂತ ಬರೆಯುತ್ತಾರೆ, ಕೆಲವರು ಸಖತ್, ಕೆಲವರು ಸಕತ್, ಇನ್ನು ಕೆಲವರು ಸಖತ್ತು. ನಾಲ್ಕಕ್ಕೂ ಮೂರೇ ಚೌಕ. ನಡುವಿನ ಚೌಕಕ್ಕೆ ಕ್ಕ ಬರಬೇಕೋ ಖ ಬರಬೇಕೋ ಕ ಬರಬೇಕೋ? ಅದೇ ಚೌಕದ ಮೂಲಕ ಮೇಲಿಂದ ಕೆಳಗೆ ಹಾದುಹೋಗುವ ಪದ ಇದರ ಮೇಲೆ ನಿಂತಿದೆ. ಪದ ಹಳೆಯದು, ಎಲ್ಲರಿಗೂ ಗೊತ್ತು, ದಿನಾ ಕಿವಿಗೆ ಬೀಳುತ್ತದೆ. ಬರವಣಿಗೆ ಮಾತ್ರ ಇನ್ನೂ ನೆಲೆಯಾಗಿಲ್ಲ.

ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ನಮ್ಮ ದೊಡ್ಡ ಆಸ್ತಿ. ಆದರೆ ಫೋನಿನಲ್ಲಿ ಓಡಾಡುವ ಪದಗಳಿಗೆ ಅದನ್ನು ಕೇಳಿ ಪ್ರಯೋಜನ ಇಲ್ಲ, ಅದರ ಉದ್ದೇಶವೇ ಬೇರೆ. ಕನ್ನಡ ಆಟ ಮಾಡುವವರು ಇಂಥ ಪದಗಳಿಗೆ ಎರಡು ಮೂರು ರೂಪಗಳನ್ನೂ ಒಪ್ಪಿಕೊಂಡು, ಯಾವುದನ್ನು ಜನ ಜಾಸ್ತಿ ಆಡುತ್ತಾರೆ ಅಂತ ನೋಡುತ್ತಾ ಹೋಗುವುದು ಒಳ್ಳೆಯದು. ವಿಭಕ್ತಿ ಪ್ರತ್ಯಯ ಹಚ್ಚಿದ ರೂಪಗಳನ್ನು ಒಪ್ಪಬೇಕಾ ಅನ್ನುವ ದೊಡ್ಡ ಪ್ರಶ್ನೆ ಸ್ಲ್ಯಾಂಗ್‌ಗೆ ಮಾತ್ರ ಸೇರಿದ್ದಲ್ಲ, ಅದನ್ನು ಇಲ್ಲಿ ಎಳೆಯುವುದಿಲ್ಲ.

ಮನೆಯಲ್ಲಿ ಸುಮ್ನೆ ಖುಷಿಗೆ ಆಡುತ್ತೇವೆ. ಜಗಳ ತಪ್ಪಿಸುವುದು ಹೇಗೆ?

ಮೊದಲ ಬಿಲ್ಲೆ ಇಡುವ ಮುಂಚೆ ಯಾವ ಪಟ್ಟಿ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. ಆಟದ ಮಧ್ಯೆ ಗೂಗಲ್ ಮಾಡಿ "ನೋಡಿ, ಇಲ್ಲಿದೆ" ಅನ್ನುವುದನ್ನು ಬಿಟ್ಟುಬಿಡಿ. ನೆಟ್‌ನಲ್ಲಿ ಹುಡುಕಿದರೆ ಯಾವ ಅಕ್ಷರದ ಸಾಲಿಗೂ ಏನಾದರೊಂದು ಸಿಕ್ಕೇ ಸಿಗುತ್ತದೆ.

ಪಟ್ಟಿಯಲ್ಲಿಲ್ಲದ ಸ್ಲ್ಯಾಂಗ್‌ಗೂ ಜಾಗ ಕೊಡಬೇಕು ಅನ್ನಿಸಿದರೆ ಹೀಗೆ ಮಾಡಿ. ಆಡುವವರು ಬಿಲ್ಲೆ ಇಡುವ ಮೊದಲು ಪದವನ್ನು ಜೋರಾಗಿ ಹೇಳಬೇಕು. ಮಿಕ್ಕವರು ಒಬ್ಬರಿಗೊಬ್ಬರು ತೋರಿಸದೆ ಚೀಟಿಯಲ್ಲಿ ಅದರ ಸ್ಪೆಲ್ಲಿಂಗ್ ಬರೆಯಬೇಕು. ಎಲ್ಲ ಚೀಟಿಗಳೂ ಆಡುವವರ ಬಿಲ್ಲೆಗಳಿಗೆ ಹೊಂದಿದರೆ ಪದ ನಡೆಯುತ್ತದೆ, ಅಂಕವೂ ಪೂರ್ತಿ. ಒಂದು ಚೀಟಿ ಬೇರೆ ಬಂದರೂ ಇಲ್ಲ. ಆಗ ಬೇರೆ ಪದ ಇಡಬೇಕು, ಸರದಿ ಹೋಗುವುದಿಲ್ಲ. ಒಬ್ಬರಿಗೆ ಒಂದು ಆಟದಲ್ಲಿ ಒಂದೇ ಸಲ ಈ ಅವಕಾಶ. ಪಾಸಾದ ಪದಗಳನ್ನು ಡಬ್ಬದ ಮುಚ್ಚಳದ ಒಳಗೆ ತಾರೀಖು ಹಾಕಿ ಬರೆದಿಡಿ. ಮುಂದಿನ ಆಟದಿಂದ ಅವಕ್ಕೆ ಚೀಟಿ ಬೇಡ.